ಹತ್ತಡಿ ಕೋಣೆಗೆ ಯಾವ ಮಾನಿಟರ್?

ಚಿಕ್ಕಬಳ್ಳಾಪುರದ ನಮ್ಮ ಮನೆಯ ಮಹಡಿಯಲ್ಲಿ, ಉದ್ದವೂ ಅಗಲವೂ ಹತ್ತೇ ಅಡಿ ಇರುವ ಕೋಣೆಯಲ್ಲಿ ಕುಳಿತು, ತತ್ವಪದ ಮತ್ತು ತಮಟೆಯ ಧ್ವನಿಮುದ್ರಣಗಳನ್ನು ಮಿಕ್ಸ್ ಮಾಡುತ್ತೇನೆ. ಮೂರು ಜೋಡಿ ಮಾನಿಟರ್‌ಗಳನ್ನು, ಅಂದರೆ ಮಿಕ್ಸ್ ಮಾಡುವಾಗ ಕೇಳುವ ಸ್ಪೀಕರ್‌ಗಳನ್ನು, ಇದೇ ಮೇಜಿನ ಮೇಲೆ ಕೇಳಿದ ನಂತರ ಉಳಿದುಕೊಂಡದ್ದು ಯಮಹಾ ಕಂಪನಿಯ ಐದಿಂಚಿನ ಎಚ್‌ಎಸ್ 5.

ಮೊದಲು ಕೊಂಡದ್ದು ಬೇರೊಂದು ಕಂಪನಿಯ ಐದಿಂಚಿನ ಜೋಡಿ. ಬೇಸನ್ನೂ ಮೇಲಿನ ಸ್ವರಗಳನ್ನೂ ಅದು ಎಷ್ಟು ಧಾರಾಳವಾಗಿ ಕೇಳಿಸುತ್ತಿತ್ತೆಂದರೆ, ಎರಡೂ ಹೆಚ್ಚಾಗಿವೆ ಎಂದು ನಾನೇ ತಗ್ಗಿಸುತ್ತಿದ್ದೆ. ಮರುದಿನ ಮೇಳದವರ ಕಾರಿನಲ್ಲಿ ಕೇಳಿದರೆ ಬೆಂಕಿಗೆ ಕಾಯಿಸದ ತಮಟೆಯಂತೆ ಎಲ್ಲವೂ ಸಪ್ಪೆ. ಈಗ ಅಕ್ಕನ ಮಗ ಅದರಲ್ಲಿ ಸಿನಿಮಾ ಹಾಡು ಕೇಳಿ ಸಂತೋಷವಾಗಿದ್ದಾನೆ.

ಎಚ್‌ಎಸ್ 5 ಕೇಳಲು ಅಷ್ಟು ಹಿತವಲ್ಲ, ಆದರೆ ಗಾಯಕರ ಕಂಠ ಒಡೆದದ್ದನ್ನಾಗಲಿ, ತಮಟೆಯ ಸಣ್ಣ ಕೋಲಿನ ಪೆಟ್ಟು ಪದವನ್ನು ನುಂಗಿದ್ದನ್ನಾಗಲಿ ಮರೆಮಾಚುವುದಿಲ್ಲ. ಅಂಗಡಿಯಲ್ಲಿ ಹೇಳಿದ್ದು ಒಂದರ ಬೆಲೆಯೆಂದು ತಿಳಿಯದೆ ಹೋಗಿದ್ದರಿಂದ ಎಡಗಡೆಯದನ್ನು ಯುಗಾದಿಗೂ ಬಲಗಡೆಯದನ್ನು ಗೌರಿ ಹಬ್ಬಕ್ಕೂ ತಂದೆ.

ಎರಡೂ ಬಂದ ಮೇಲೆ ಒಂದು ವಿಚಿತ್ರ ತೊಂದರೆ ಎದುರಾಯಿತು. ಕೀಬೋರ್ಡಿನಲ್ಲಿ ನುಡಿಸಿದ ಬೇಸ್ ಸಾಲಿನಲ್ಲಿ 55 ಹರ್ಟ್ಸ್‌ನ ಸ್ವರ ಮಾತ್ರ ಮಾಯವಾಗುತ್ತಿತ್ತು. ವೈರು ಬದಲಿಸಿದೆ, ಎಡಬಲ ಅದಲುಬದಲು ಮಾಡಿದೆ, ಕಂಪ್ಯೂಟರಿನ ಶಬ್ದವನ್ನು ಸ್ಪೀಕರಿಗೆ ಕಳಿಸುವ ಇಂಟರ್‌ಫೇಸ್ ಪೆಟ್ಟಿಗೆಯ ಮೇಲೂ ಅನುಮಾನಪಟ್ಟೆ. ಮೂರನೆಯ ರಾತ್ರಿ, ಹಾಡನ್ನು ನಿಲ್ಲಿಸದೆ ನೀರು ಕುಡಿಯಲೆಂದು ಎದ್ದು ಹೋದಾಗ, ಬಾಗಿಲ ಬಳಿಯ ಗೋಡೆಯ ಪಕ್ಕದಲ್ಲಿ ಅದೇ ಸ್ವರ ಗುಡುಗುತ್ತಿತ್ತು.

ಲೆಕ್ಕ ಹಾಕಿದ ಮೇಲೆ ಅರ್ಥವಾಯಿತು. ಹತ್ತಡಿಯೆಂದರೆ ಸುಮಾರು 3.05 ಮೀಟರ್, ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡು, ಅದನ್ನು ಆ ಅಂತರದ ಇಮ್ಮಡಿಯಿಂದ ಭಾಗಿಸಿದರೆ ಸುಮಾರು 56 ಹರ್ಟ್ಸ್ ಬರುತ್ತದೆ. ಎದುರುಬದುರು ಗೋಡೆಗಳ ನಡುವೆ ಆ ಕಂಪನ ನಿಂತುಬಿಟ್ಟು, ಗೋಡೆಯ ಬಳಿ ಉಬ್ಬಿ, ನಟ್ಟನಡುವೆ ಇಲ್ಲವಾಗುತ್ತದೆ. ಕೋಣೆ ಚೌಕವಾದ್ದರಿಂದ ಉದ್ದಕ್ಕೂ ಅಗಲಕ್ಕೂ ಅದೇ ಕಾಟ. ನಾನು ಕುರ್ಚಿ ಹಾಕಿದ್ದು ಸರಿಯಾಗಿ ನಡುಮಧ್ಯೆ. ಕುರ್ಚಿಯನ್ನು ಎದುರಿನ ಗೋಡೆಯಿಂದ ನಾಲ್ಕಡಿಗೆ ತುಸು ಕಡಿಮೆ ದೂರಕ್ಕೆ ಸರಿಸಿದೆ. ಎಚ್‌ಎಸ್ 5ರಲ್ಲಿ ಬೇಸ್ ಹೊರಬರುವ ಗಾಳಿರಂಧ್ರ ಹಿಂಬದಿಯಲ್ಲಿರುವುದರಿಂದ ಮೇಜನ್ನು ಗೋಡೆಯಿಂದ ಒಂದೂವರೆ ಗೇಣು ಎಳೆದು, ಹಿಂದಿರುವ, ಕೆಳಸ್ವರಗಳನ್ನು ತಗ್ಗಿಸುವ ರೂಮ್ ಕಂಟ್ರೋಲ್ ಸ್ವಿಚ್ಚನ್ನು ಎರಡು ಡೆಸಿಬಲ್ ಇಳಿಸಿದೆ. ಮೂಲೆಯಲ್ಲಿ ಸುತ್ತಿಟ್ಟ ಹತ್ತಿ ಹಾಸಿಗೆ ಪ್ರತಿಧ್ವನಿಯನ್ನು ತಗ್ಗಿಸಿತೇ ಹೊರತು ಬೇಸಿಗೆ ಅದರಿಂದ ಹೆಚ್ಚೇನೂ ಆಗಲಿಲ್ಲ. ನೆಂಟರು ಬಂದಾಗ ಅಮ್ಮ ಅದನ್ನು ಕೇಳಿ ಪಡೆಯುತ್ತಾರೆ.

ಗೆಳೆಯರಿಂದ ಒಂದು ವಾರಕ್ಕೆ ಎರವಲು ತಂದ, ಅದೇ ಯಮಹಾದ ಎಂಟಿಂಚಿನ ಎಚ್‌ಎಸ್ 8, ಕೆಳಗೆ 38 ಹರ್ಟ್ಸ್‌ವರೆಗೆ ಹೋಗುತ್ತದೆ. ದೊಡ್ಡ ಹಜಾರವಿದ್ದವರು ಅದನ್ನೇ ಕೊಳ್ಳಲಿ. ನನ್ನ ಕೋಣೆಯಲ್ಲಿ ಅದು ಆ 56ನ್ನೇ ಬಡಿದೆಬ್ಬಿಸಿತು. ಎಚ್‌ಎಸ್ 5ರ ಶಕ್ತಿ 54 ಹರ್ಟ್ಸ್ ಹೊತ್ತಿಗೆ ಹತ್ತು ಡೆಸಿಬಲ್ ಕುಸಿದಿರುವುದರಿಂದ ಕೋಣೆಯನ್ನು ಅಷ್ಟಾಗಿ ಕೆಣಕುವುದಿಲ್ಲ.

ಬಲಗಡೆಯ ಒಂದನ್ನೇ ಹೊಂದಿಸಿಕೊಳ್ಳಲು ಐದು ತಿಂಗಳು ಹಿಡಿದ ನನಗೆ ಎಂಟಿಂಚಿನ ಜೋಡಿ ಹೇಗೂ ದೂರದ ಮಾತು. ರಾತ್ರಿ ಹತ್ತರ ನಂತರ, ಕೆಳಗೆ ಮಲಗಿದವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೆಲಸ ಮಾಡುವವನಿಗೆ ಐದಿಂಚು ಸಾಕು; ಅದಕ್ಕೆ ಸಿಗದ ಕೆಳಸ್ವರಗಳನ್ನು ಹೆಡ್‌ಫೋನಿನಲ್ಲಿ ನೋಡಿಕೊಂಡು, ಬೆಳಿಗ್ಗೆ ಮೇಳದವರ ಕಾರಿನಲ್ಲಿ ಇನ್ನೊಮ್ಮೆ ಕೇಳುತ್ತೇನೆ.