ಮನೆಗೆ ಬೀಗ ಹಾಕಿದಾಗ ಟಿವಿ ರೆಕಾರ್ಡಿಂಗ್: ಪೆನ್ ಡ್ರೈವ್ ಬಾಕ್ಸಾ, ಎರಡು ಟ್ಯೂನರ್ ಬಾಕ್ಸಾ?

ಮೊದಲೇ ಹೇಳಿಬಿಡುತ್ತೇನೆ. ನಾವು ಊರಲ್ಲಿ ಇಲ್ಲದಾಗ ಬೇರೆ ಬೇರೆ ಚಾನೆಲ್‌ಗಳ ಕಾರ್ಯಕ್ರಮ ತಾನಾಗಿ ರೆಕಾರ್ಡ್ ಆಗಬೇಕಾ? ಹಾಗಾದರೆ ಒಳಗೇ ಹಾರ್ಡ್ ಡಿಸ್ಕ್ ಇರುವ, ಎರಡು ಟ್ಯೂನರ್‌ಗಳ (ಟ್ಯೂನರ್ ಅಂದರೆ ಚಾನೆಲ್ ಹಿಡಿಯುವ ಭಾಗ) ಡಿಶ್ ಬಾಕ್ಸಿಗೆ ಸಮ ಯಾವುದೂ ಇಲ್ಲ. ಕೇಬಲ್ ಬಾಕ್ಸಿಗೆ ಪೆನ್ ಡ್ರೈವ್ ಸಿಕ್ಕಿಸಿ ನೋಡಿದ್ದೇನೆ. ಬಾಕ್ಸಿನ ಚಿತ್ರವನ್ನು ಕಂಪ್ಯೂಟರಿಗೆ ತುಂಬುವ ಕ್ಯಾಪ್ಚರ್ ಸಾಧನ ಹಾಕಿ ನೋಡಿದ್ದೇನೆ. ಆ್ಯಪ್‌ಗಳನ್ನೂ ಬಳಸುತ್ತೇನೆ. ಇಷ್ಟೆಲ್ಲ ಆದಮೇಲೆ ಹೇಳುತ್ತಿರುವ ಮಾತು ಇದು.

ನಮ್ಮ ಮನೆ ಶಿವಮೊಗ್ಗದಲ್ಲಿ, ತೋಟ ತೀರ್ಥಹಳ್ಳಿ ಕಡೆ. ಅಡಿಕೆ ಕೊಯ್ಲು ಶುರುವಾದರೆ ಮನೆಗೆ ಬೀಗ ಹಾಕಿ ಎಲ್ಲರೂ ಅಲ್ಲಿಗೇ ಹೋಗುತ್ತೇವೆ. ತೋಟದ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಅಮ್ಮನಿಗೆ ಜೀ ಕನ್ನಡ, ಕಲರ್ಸ್ ಕನ್ನಡ ಎರಡರ ಧಾರಾವಾಹಿಗಳೂ ಬೇಕು. ಅಪ್ಪನಿಗೆ ಚಂದನದ ‘ಥಟ್ ಅಂತ ಹೇಳಿ’ ಬೇಕು. 2002ರಲ್ಲಿ ಶುರುವಾದ ಆ ರಸಪ್ರಶ್ನೆ ಕಾರ್ಯಕ್ರಮವನ್ನು ಅವರು ಆಗಿನಿಂದಲೂ ನೋಡುತ್ತಿದ್ದಾರೆ. ನನಗೆ ಚಂದನದಲ್ಲಿ ಆಗಾಗ ಬರುವ ಯಕ್ಷಗಾನ ಸಾಕು. ತೋಟದಿಂದ ಬಂದಮೇಲೆ ಎಲ್ಲವನ್ನೂ ಒಟ್ಟಿಗೆ ಕೂತು ನೋಡುವುದು ನಮ್ಮ ಮನೆಯ ರೂಢಿ.

ಹಳೇ ವಿಸಿಆರ್ ಕಾಲದಲ್ಲಿ ಇದು ಸುಲಭವಾಗಿತ್ತು. ಕೇಬಲ್ ವೈರ್ ನೇರವಾಗಿ ವಿಸಿಆರ್‌ಗೆ ಹೋಗುತ್ತಿತ್ತು. ಚಾನೆಲ್ ಬದಲಿಸುವ ಟ್ಯೂನರ್ ಅದರೊಳಗೇ ಇತ್ತು. ಎಂಟು ಗಂಟೆಗೆ ಈ ಚಾನೆಲ್, ಒಂಬತ್ತಕ್ಕೆ ಆ ಚಾನೆಲ್ ಅಂತ ಟೈಮರ್ ಇಟ್ಟರೆ ಕೆಲಸ ಮುಗಿಯಿತು. ಕೇಬಲ್ ಡಿಜಿಟಲ್ ಆದಮೇಲೆ ಇದೆಲ್ಲ ಬದಲಾಯಿತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31ರ ಗಡುವು ಇತ್ತು. ಉಳಿದ ಊರುಗಳಿಗೆ ಆಮೇಲೆ ಹಂತ ಹಂತವಾಗಿ ಬಂತು. ಈಗ ಚಾನೆಲ್ ಬದಲಿಸುವ ಕೆಲಸ ಪೂರ್ತಿ ಸೆಟ್ ಟಾಪ್ ಬಾಕ್ಸಿನದು. ಹೊರಗಿನಿಂದ ಏನೇ ಜೋಡಿಸಿದರೂ ಆ ಹೊತ್ತಿಗೆ ಬಾಕ್ಸ್ ಯಾವ ಚಾನೆಲ್‌ನಲ್ಲಿ ನಿಂತಿದೆಯೋ ಅದು ಮಾತ್ರ ರೆಕಾರ್ಡ್ ಆಗುತ್ತದೆ. ಅದಕ್ಕೇ ರೆಕಾರ್ಡಿಂಗ್ ಬಾಕ್ಸಿನ ಒಳಗೇ ಆಗಬೇಕು.

ಕೇಬಲ್‌ನವರು ಕೊಟ್ಟ ಬಾಕ್ಸಿನ ಹಿಂದೆ ಒಂದು ಯುಎಸ್‌ಬಿ ಕಿಂಡಿ ಇತ್ತು. ತಿಂಗಳಿಗೆ ಸ್ವಲ್ಪ ಹೆಚ್ಚು ಕೊಟ್ಟರೆ ಅದರಲ್ಲಿ ರೆಕಾರ್ಡಿಂಗ್ ತೆರೆದುಕೊಡುತ್ತಿದ್ದರು. ಜಾಗದ ಚಿಂತೆ ಇರಲಿಲ್ಲ. ಮಾಮೂಲಿ ಎಸ್‌ಡಿ ಚಾನೆಲ್ ಸೆಕೆಂಡಿಗೆ 2 ಮೆಗಾಬಿಟ್ ಅಂತ ಹಿಡಿದರೆ ಗಂಟೆಗೆ ಸುಮಾರು 900 ಎಂಬಿ ಆಗುತ್ತದೆ. 64 ಜಿಬಿ ಪೆನ್ ಡ್ರೈವ್ ಇದ್ದರೆ ಹಲವು ದಿನ ನಡೆಯುತ್ತದೆ. ಚಿತ್ರವೂ ಚೆನ್ನಾಗಿತ್ತು. ಯಾಕೆಂದರೆ ಬಂದ ಡಿಜಿಟಲ್ ಸಿಗ್ನಲ್ಲನ್ನೇ ಅದು ಹಾಗೇ ಬರೆದಿಡುತ್ತದೆ.

ತೊಂದರೆ ಇದ್ದದ್ದು ಸಮಯದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಇದು ಬಾಕ್ಸಿನ ಪೆಟ್ಟಿಗೆ ಮೇಲೆ ಬರೆದಿರುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ.

ಈ ಬಾಕ್ಸಿನಲ್ಲಿ ಇರುವುದು ಒಂದೇ ಟ್ಯೂನರ್. ಒಂದು ಸಲಕ್ಕೆ ಒಂದೇ ಚಾನೆಲ್ ರೆಕಾರ್ಡ್ ಆಗುತ್ತದೆ ಅನ್ನುವುದು ಗೊತ್ತಿದ್ದೇ ತಂದಿದ್ದೆ. ಅಮ್ಮನ ಧಾರಾವಾಹಿಗಳನ್ನು ಸಾಲಾಗಿ ಜೋಡಿಸಿದರೆ ಆಯಿತಲ್ಲ, ಎಂಟರಿಂದ ಎಂಟೂವರೆ ಈ ಚಾನೆಲ್, ಎಂಟೂವರೆಯಿಂದ ಒಂಬತ್ತು ಆ ಚಾನೆಲ್. ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಚಾನೆಲ್‌ನವರು ಗಡಿಯಾರ ನೋಡಿ ಸರಿಯಾಗಿ ಎಂಟೂವರೆಗೆ ನಿಲ್ಲಿಸುವುದಿಲ್ಲ. ಒಂದರಲ್ಲಿ ಧಾರಾವಾಹಿ ಎಂಟು ಮೂವತ್ತಮೂರರವರೆಗೆ ಎಳೆಯುತ್ತದೆ. ಇನ್ನೊಂದರಲ್ಲಿ ಎಂಟು ಇಪ್ಪತ್ತೆಂಟಕ್ಕೇ ಶುರುವಾಗಿರುತ್ತದೆ. ಎಂಟೂವರೆಗೆ ಬಾಕ್ಸ್ ಚಾನೆಲ್ ಬದಲಿಸಿದರೆ ಎರಡೂ ಕಡೆ ಪೆಟ್ಟು. ಮೊದಲ ಧಾರಾವಾಹಿಯ ಕೊನೆ ಹೋಯಿತು, ಎರಡನೆಯದರ ಮೊದಲು ಹೋಯಿತು.

ಧಾರಾವಾಹಿಯ ಕೊನೆಯ ಎರಡು ನಿಮಿಷ ಅಂದರೆ ಏನು ಅಂತ ನೋಡುವವರಿಗೆ ಗೊತ್ತು. ಇಪ್ಪತ್ತು ನಿಮಿಷ ಏನೂ ನಡೆಯದೆ, ನಡೆಯುವುದೆಲ್ಲ ಅಲ್ಲೇ ನಡೆಯುತ್ತದೆ. ಬಾಗಿಲು ತೆರೆಯುತ್ತದೆ, ಯಾರು ಬಂದರು ಅಂತ ತೋರಿಸುವ ಹೊತ್ತಿಗೆ ನಮ್ಮ ರೆಕಾರ್ಡಿಂಗ್ ಮುಗಿದಿರುತ್ತಿತ್ತು. ದಿನಾ ಹೀಗೇ ಆದರೆ ಅಮ್ಮನಿಗೆ ಬೇಜಾರಾಗದೆ ಇರುತ್ತದಾ?

ಇದಕ್ಕೆ ಪರಿಹಾರ ಇದೆ. ಮುಂಚೆ ಐದು ನಿಮಿಷ, ನಂತರ ಐದು ನಿಮಿಷ ಹೆಚ್ಚು ರೆಕಾರ್ಡ್ ಆಗುವ ಹಾಗೆ ಟೈಮರ್ ಇಡುವುದು. ಆದರೆ ಒಂದೇ ಟ್ಯೂನರ್ ಇದ್ದಾಗ ಆ ಪರಿಹಾರವೇ ಸಮಸ್ಯೆ. ಮೊದಲನೆಯದು ಎಂಟು ಮೂವತ್ತೈದರವರೆಗೆ ಬೇಕು, ಎರಡನೆಯದು ಎಂಟು ಇಪ್ಪತ್ತೈದಕ್ಕೇ ಶುರುವಾಗಬೇಕು. ಹತ್ತು ನಿಮಿಷ ಒಂದರ ಮೇಲೊಂದು ಬಿತ್ತು. ಬಾಕ್ಸ್ ಎರಡನೆಯ ಟೈಮರನ್ನು ತೆಗೆದುಕೊಳ್ಳುವುದೇ ಇಲ್ಲ. ಸಮಯ ಕೂಡುವುದಿಲ್ಲ, ಒಂದನ್ನು ಅಳಿಸಿ ಅನ್ನುತ್ತದೆ. ಅಂದರೆ ಹೆಚ್ಚುವರಿ ನಿಮಿಷ ಇಟ್ಟರೆ ಒಂದು ಧಾರಾವಾಹಿ ಪೂರ್ತಿ ಹೋಗುತ್ತದೆ. ಇಡದಿದ್ದರೆ ಎರಡೂ ಅರೆಬರೆ.

ಕೇಬಲ್ ಹುಡುಗನನ್ನು ಕೇಳಿದಾಗ ಒಂದು ವಿಷಯ ಗೊತ್ತಾಯಿತು. ಕೆಲವು ಚಾನೆಲ್ ಜೋಡಿಗಳು ಒಂದೇ ಟ್ಯೂನರ್‌ನಲ್ಲೂ ಒಟ್ಟಿಗೆ ಸಿಗುತ್ತವೆ. ಡಿಜಿಟಲ್ ಕೇಬಲ್‌ನಲ್ಲಿ ಒಂದು ಫ್ರೀಕ್ವೆನ್ಸಿ ಅಂದರೆ ಒಂದು ಬಸ್ಸು ಇದ್ದ ಹಾಗೆ. ಅದರಲ್ಲಿ ಹತ್ತಿಪ್ಪತ್ತು ಚಾನೆಲ್‌ಗಳು ಒಟ್ಟಿಗೆ ಬರುತ್ತವೆ. ಒಂದು ಫ್ರೀಕ್ವೆನ್ಸಿಯಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಹಿಡಿಸುತ್ತದೆ. ಟ್ಯೂನರ್ ಹಿಡಿಯುವುದು ಫ್ರೀಕ್ವೆನ್ಸಿಯನ್ನು. ಹಾಗಾಗಿ ಒಂದನ್ನು ರೆಕಾರ್ಡ್ ಮಾಡುತ್ತಾ ಅದೇ ಫ್ರೀಕ್ವೆನ್ಸಿಯ ಇನ್ನೊಂದನ್ನು ನೋಡಬಹುದು. ಆದರೆ ನಮ್ಮ ಬಾಕ್ಸ್ ಒಟ್ಟಿಗೆ ಎರಡನ್ನು ಬರೆಯುತ್ತಿರಲಿಲ್ಲ. ಮನೆಯಲ್ಲೇ ಕೂತವರಿಗೆ ಇದು ಉಪಯೋಗ. ಬೀಗ ಹಾಕಿ ಹೋದವರಿಗೆ ಏನೂ ಪ್ರಯೋಜನ ಇಲ್ಲ.

ಇನ್ನೊಂದು ಮಾತು. ಪೆನ್ ಡ್ರೈವ್‌ನಲ್ಲಿರುವ ರೆಕಾರ್ಡಿಂಗ್ ಆ ಬಾಕ್ಸಿಗೆ ಮಾತ್ರ ತೆರೆದುಕೊಳ್ಳುತ್ತದೆ. ಕಂಪ್ಯೂಟರಿಗೆ ಹಾಕಿದರೆ ಓಡುವುದಿಲ್ಲ. ಬಾಕ್ಸ್ ಕೆಟ್ಟು ಬೇರೆ ಕೊಟ್ಟರೆ ಹಳೆಯದೆಲ್ಲ ಹೋಯಿತು.

ಈಗ ನನ್ನ ಮೆಚ್ಚಿನದಕ್ಕೆ ಬರುತ್ತೇನೆ. ಎರಡು ಟ್ಯೂನರ್‌ಗಳ ರೆಕಾರ್ಡರ್ ಬಾಕ್ಸ್ ನಮ್ಮ ದೇಶಕ್ಕೆ ಹೊಸದಲ್ಲ. 2008ರಲ್ಲೇ ಟಾಟಾ ಸ್ಕೈ ಪ್ಲಸ್ ಬಂದಿತ್ತು. ಆಮೇಲೆ ಬೇರೆ ಕಂಪನಿಗಳೂ ತಂದವು. ನಮ್ಮದು 500 ಜಿಬಿ ಹಾರ್ಡ್ ಡಿಸ್ಕ್ ಇರುವ ಬಾಕ್ಸ್. ಮಾಮೂಲಿ ಬಾಕ್ಸಿಗಿಂತ ಬೆಲೆ ಜಾಸ್ತಿಯೇ. ಆದರೆ ಕೊಟ್ಟ ದುಡ್ಡಿಗೆ ಸರಿಯಾಗಿ ಕೆಲಸ ಮಾಡುತ್ತದೆ.

ಎರಡು ಟ್ಯೂನರ್ ಇರುವುದರಿಂದ ಹೆಚ್ಚುವರಿ ನಿಮಿಷಗಳನ್ನು ಧಾರಾಳವಾಗಿ ಇಡಬಹುದು. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾದರೂ ಪರವಾಗಿಲ್ಲ. ನಾನು ಇನ್ನೂ ಸುಲಭದ ದಾರಿ ಹಿಡಿದಿದ್ದೇನೆ. ಕಾರ್ಯಕ್ರಮದ ಹೆಸರು ಹಿಡಿದು ರೆಕಾರ್ಡಿಂಗ್ ಇಡುವುದನ್ನೇ ಬಿಟ್ಟಿದ್ದೇನೆ. ಜೀ ಕನ್ನಡಕ್ಕೆ ಸಂಜೆ ಏಳರಿಂದ ಹತ್ತೂವರೆ, ಕಲರ್ಸ್ ಕನ್ನಡಕ್ಕೂ ಏಳರಿಂದ ಹತ್ತೂವರೆ. ಎರಡೇ ಟೈಮರ್. ಯಾವ ಧಾರಾವಾಹಿ ಎಷ್ಟು ಹೊತ್ತಿಗೆ ಶುರುವಾದರೂ, ಎಷ್ಟು ಎಳೆದರೂ ಒಳಗೇ ಇರುತ್ತದೆ. ಎಸ್‌ಡಿಯಲ್ಲಿ ಲೆಕ್ಕ ಹಾಕಿ ನೋಡಿ. ದಿನಕ್ಕೆ ಎರಡೂ ಸೇರಿ 7 ಗಂಟೆ, ಅಂದರೆ ಆರೂಕಾಲು ಜಿಬಿ. 500 ಜಿಬಿಯಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಹಿಡಿಸುತ್ತದೆ. ಎಚ್‌ಡಿ ಗಂಟೆಗೆ 3 ಜಿಬಿ ಅಂತ ಹಿಡಿದರೂ ಮೂರು ವಾರಕ್ಕೆ ಮೋಸ ಇಲ್ಲ.

ಹೆಸರು ಹಿಡಿದು ಇಡಬಾರದು ಅನ್ನಲು ಇನ್ನೊಂದು ಕಾರಣ ‘ಮಹಾಸಂಗಮ’. ಎರಡು ಧಾರಾವಾಹಿ ಸೇರಿಸಿ ಒಂದು ಗಂಟೆ ಓಡಿಸುತ್ತಾರಲ್ಲ, ಅವತ್ತು ಬಾಕ್ಸಿನ ಕಾರ್ಯಕ್ರಮ ಪಟ್ಟಿಯಲ್ಲಿ ಹೆಸರೇ ಬೇರೆ ಇದ್ದರೆ ಬಾಕ್ಸಿಗೆ ಅದು ನಮ್ಮ ಧಾರಾವಾಹಿ ಅಂತ ಹೇಗೆ ಗೊತ್ತಾಗಬೇಕು? ಸಮಯ ಹಿಡಿದು ಇಟ್ಟರೆ ಆ ಚಿಂತೆಯೇ ಇಲ್ಲ.

ಬಾಕ್ಸ್ ಹಾಕಿಸುವಾಗ ಒಂದು ವಿಷಯದಲ್ಲಿ ಮಾತ್ರ ಪಟ್ಟು ಹಿಡಿಯಿರಿ. ಇಂಥ ಬಾಕ್ಸಿಗೆ ಡಿಶ್‌ನಿಂದ ಎರಡು ವೈರ್ ಬರಬೇಕು, ಒಂದೊಂದು ಟ್ಯೂನರಿಗೆ ಒಂದೊಂದು. ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಚಿಕ್ಕ ಭಾಗ ಇರುತ್ತದಲ್ಲ, ಆ ಎಲ್‌ಎನ್‌ಬಿಯಲ್ಲೂ ಎರಡು ಕಿಂಡಿ ಇರಬೇಕು. ಹಾಕಲು ಬಂದವರು ಹಳೇ ಒಂದೇ ವೈರ್ ಸಿಕ್ಕಿಸಿ, ಚಿತ್ರ ಬಂತು ನೋಡಿ ಅಂತ ಹೊರಡಲು ನೋಡಿದರು. ಚಿತ್ರ ಬರುತ್ತದೆ ನಿಜ, ಎರಡನೇ ಟ್ಯೂನರ್ ಮಾತ್ರ ಸತ್ತಿರುತ್ತದೆ. ಅವರು ಇರುವಾಗಲೇ ಎರಡು ಚಾನೆಲ್ ಒಟ್ಟಿಗೆ ರೆಕಾರ್ಡ್ ಹಾಕಿ, ಐದು ನಿಮಿಷ ಬಿಟ್ಟು ಓಡಿಸಿ ನೋಡಿ. ಆಮೇಲೆ ಸಹಿ ಹಾಕಿ.

ಕರೆಂಟ್ ವಿಷಯದಲ್ಲೂ ಡಿಶ್ ಗೆಲ್ಲುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೂ ಕೇಬಲ್ ನಡೆಯುತ್ತದೆ ಅಂತ ಹೇಳಲಾಗುವುದಿಲ್ಲ. ಕಂಬದ ಮೇಲೆ, ಬೀದಿ ಕೊನೆಯಲ್ಲಿ ಕೇಬಲ್‌ನವರ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಕರೆಂಟ್ ಹೋದರೆ ನಮ್ಮ ಬಾಕ್ಸ್ ಎಚ್ಚರವಾಗಿದ್ದರೂ ಸಿಗ್ನಲ್ ಇಲ್ಲ. ಡಿಶ್‌ನ ಎಲ್‌ಎನ್‌ಬಿಗೆ ವಿದ್ಯುತ್ ಹೋಗುವುದು ನಮ್ಮ ಬಾಕ್ಸಿನಿಂದಲೇ. ಹಾಗಾಗಿ ಮನೆಯ ಯುಪಿಎಸ್ ಇದ್ದರೆ ಸಾಕು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಇದೇ ಡಿಶ್ ಕೈಕೊಡುತ್ತದೆ. ಜೋರು ಮಳೆಗೆ ಉಪಗ್ರಹದಿಂದ ಬರುವ ಸಿಗ್ನಲ್ ಸೊರಗುತ್ತದೆ, ರೆಕಾರ್ಡಿಂಗ್‌ನಲ್ಲಿ ಚೌಕ ಚೌಕ ಕಾಣುತ್ತದೆ. ನಾವು ಹೆಚ್ಚಾಗಿ ಹೊರಗಿರುವುದು ಮಳೆ ಕಳೆದ ಮೇಲೆ. ಅದಕ್ಕೆ ನನಗೆ ಅಡ್ಡಿಯಾಗಿಲ್ಲ. ಜೂನ್, ಜುಲೈನಲ್ಲಿ ಮನೆ ಬಿಟ್ಟು ಹೋಗುವವರು ಇದನ್ನು ಯೋಚಿಸಲೇಬೇಕು.

ರೀಚಾರ್ಜ್ ಮುಗಿದರೆ ಹಳೇ ರೆಕಾರ್ಡಿಂಗ್ ಕೂಡ ತೆರೆಯುವುದಿಲ್ಲ. ಹೊರಡುವ ಮೊದಲು ದುಡ್ಡು ಹಾಕಿಟ್ಟುಹೋಗಿ.

ಕಂಪ್ಯೂಟರ್ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಬಾಕ್ಸಿನ ಎಚ್‌ಡಿಎಂಐ ಕಿಂಡಿಯಲ್ಲಿ ನಕಲು ತಡೆ ಇರುತ್ತದೆ. ಹಾಗಾಗಿ ಹಳದಿ, ಕೆಂಪು, ಬಿಳಿ ವೈರ್‌ಗಳಲ್ಲೇ ಕ್ಯಾಪ್ಚರ್ ಮಾಡಬೇಕು. ಚಿತ್ರ ಮಸುಕು. ಚಾನೆಲ್ ಬದಲಿಸಲು ಬಾಕ್ಸಿನ ‘ರಿಮೈಂಡರ್’ ಸೌಲಭ್ಯವನ್ನು ನಂಬಬೇಕು. ಕೆಲವು ಬಾಕ್ಸ್‌ಗಳು ಆ ಹೊತ್ತಿಗೆ ತಾವೇ ಚಾನೆಲ್ ಬದಲಿಸುತ್ತವೆ. ಕೆಲವು ‘ಓಕೆ’ ಒತ್ತಿ ಅಂತ ಕೇಳಿ, ಯಾರೂ ಒತ್ತದಿದ್ದರೆ ಸುಮ್ನೆ ಇದ್ದಲ್ಲೇ ಇರುತ್ತವೆ. ನಮ್ಮ ಕೇಬಲ್ ಬಾಕ್ಸ್ ಎರಡನೇ ಜಾತಿಯದು. ಕಂಪ್ಯೂಟರಿನಿಂದ ರಿಮೋಟ್ ಸಂಕೇತ ಕಳಿಸುವ ಐಆರ್ ಬ್ಲಾಸ್ಟರ್ ಅನ್ನುವ ಚಿಕ್ಕ ಸಾಧನ ಸಿಗುತ್ತದೆ. ಅದನ್ನು ಬಾಕ್ಸಿನ ಕಣ್ಣಿನ ಮುಂದೆ ಸರಿಯಾಗಿ ಅಂಟಿಸಬೇಕು. ಒಂದು ಅಂಕಿ ತಪ್ಪಿದರೂ ಇಡೀ ರಾತ್ರಿ ಬೇರೆ ಯಾವುದೋ ಚಾನೆಲ್ ರೆಕಾರ್ಡ್ ಆಗುತ್ತದೆ. ಜೊತೆಗೆ ದಿನಗಟ್ಟಲೆ ಕಂಪ್ಯೂಟರ್ ಚಾಲೂ ಇಟ್ಟು ಮನೆಗೆ ಬೀಗ ಹಾಕುವುದು ನನಗೆ ಇಷ್ಟವಾಗಲಿಲ್ಲ.

ಆ್ಯಪ್‌ನಲ್ಲಿ ಎಲ್ಲ ಸಿಗುತ್ತದಲ್ಲ, ರೆಕಾರ್ಡಿಂಗ್ ಯಾಕೆ ಅಂತ ಕೇಳುವವರು ಇದ್ದಾರೆ. ಮನೆಯಲ್ಲಿ ಒಳ್ಳೆ ಇಂಟರ್ನೆಟ್, ಸ್ಮಾರ್ಟ್ ಟಿವಿ ಇದ್ದು ಧಾರಾವಾಹಿ ಮಾತ್ರ ಬೇಕಿದ್ದರೆ ಅವರ ಮಾತು ಸರಿ. ಜೀ ಕನ್ನಡದ್ದು ಜೀ5ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ್ದು ಜಿಯೋಹಾಟ್‌ಸ್ಟಾರ್‌ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ ಸಿಗುತ್ತದೆ. ಮೂರು ಆ್ಯಪ್, ಮೂರು ಲಾಗಿನ್, ಮೂರು ಚಂದಾ. ನಾನು ಫೋನಿನಲ್ಲಿ ಆರಾಮಾಗಿ ನೋಡುತ್ತೇನೆ. ಅಮ್ಮನಿಗೆ ಟಿವಿ ರಿಮೋಟ್‌ನಲ್ಲಿ ಒಂದು ಗುಂಡಿ ಒತ್ತಿದರೆ ತಾರೀಖಿನ ಪ್ರಕಾರ ಪಟ್ಟಿ ಬರಬೇಕು. ರೆಕಾರ್ಡರ್ ಬಾಕ್ಸಿನಲ್ಲಿ ಅದು ಹಾಗೇ ಬರುತ್ತದೆ. ಜಾಹೀರಾತು ಬಂದರೆ ಅವರೇ ಓಡಿಸಿಕೊಂಡು ಮುಂದೆ ಹೋಗುತ್ತಾರೆ. ಯಾರನ್ನೂ ಕರೆಯುವ ಕೆಲಸ ಇಲ್ಲ. ನನಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಅಪ್ಪನ ಚಂದನ ಉಳಿಯಿತಲ್ಲ? ಎರಡು ಟ್ಯೂನರೂ ಅಮ್ಮನ ಎರಡು ಚಾನೆಲ್‌ಗಳಿಗೆ ಹೋದಮೇಲೆ ಮೂರನೆಯದಕ್ಕೆ ಜಾಗ ಇಲ್ಲ. ಅದಕ್ಕೆ ಡಿಡಿ ಫ್ರೀ ಡಿಶ್ ಹಾಕಿಸಿದೆ. ಅದರ ಉಪಗ್ರಹ ಬೇರೆ, ಜಿಸ್ಯಾಟ್-15. ಹಾಗಾಗಿ ಮಹಡಿ ಮೇಲೆ ಇನ್ನೊಂದು ಛತ್ರಿ ಬೇಕಾಯಿತು. ಆದರೆ ತಿಂಗಳ ಖರ್ಚು ಸೊನ್ನೆ. ಚಂದನ ಅದರಲ್ಲಿ ನಕಲು ತಡೆಯುವ ಬೀಗ ಇಲ್ಲದೆ ಬರುತ್ತದೆ. ಯುಎಸ್‌ಬಿ ಕಿಂಡಿ ಇರುವ ಅಗ್ಗದ ಬಾಕ್ಸಿಗೆ ಪೆನ್ ಡ್ರೈವ್ ಹಾಕಿದರೆ ರೆಕಾರ್ಡ್ ಆದ ಫೈಲ್ ಕಂಪ್ಯೂಟರಿನಲ್ಲಿ ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್ ಹಾಕಿದರೂ ಓಡುತ್ತದೆ. ನನ್ನ ಯಕ್ಷಗಾನಗಳನ್ನು ಹೀಗೇ ಕೂಡಿಟ್ಟುಕೊಂಡಿದ್ದೇನೆ. ಬಾಕ್ಸ್ ಕೆಟ್ಟರೂ ಅವು ಎಲ್ಲಿಗೂ ಹೋಗುವುದಿಲ್ಲ.

ರೆಕಾರ್ಡರ್ ಬಾಕ್ಸಿನ ಬೆಲೆ ಕೈಗೆ ಎಟುಕದಿದ್ದರೆ ಇನ್ನೊಂದು ದಾರಿ ಇದೆ. ಯುಎಸ್‌ಬಿ ರೆಕಾರ್ಡಿಂಗ್ ಇರುವ ಮಾಮೂಲಿ ಬಾಕ್ಸ್‌ಗಳನ್ನೇ ಎರಡು ಇಟ್ಟುಕೊಳ್ಳಿ, ಒಂದೊಂದಕ್ಕೆ ಒಂದೊಂದು ಚಾನೆಲ್ ಹಂಚಿ. ಒಂದೇ ಮನೆಯ ಎರಡನೇ ಸಂಪರ್ಕಕ್ಕೆ ಕೆಲವರು ಕಡಿಮೆ ದರ ಹಾಕುತ್ತಾರೆ, ಕೇಳಿ ನೋಡಿ. ಎರಡನೇ ಬಾಕ್ಸಿಗೆ ಅಮ್ಮನ ಆ ಒಂದು ಚಾನೆಲ್ ಬಿಟ್ಟು ಬೇರೆ ಯಾವ ಪ್ಯಾಕೂ ಬೇಡ ಅಂತ ಮೊದಲೇ ಹೇಳಿ. ಎರಡು ರಿಮೋಟ್ ಇರುತ್ತವೆ, ಒಂದೇ ಕಂಪನಿಯ ಬಾಕ್ಸ್ ಆದರೆ ಒಂದು ಒತ್ತಿದರೆ ಎರಡೂ ಓಗೊಡುತ್ತವೆ. ಅದಕ್ಕೆ ಎರಡನೇ ಬಾಕ್ಸನ್ನು ಬೇರೆ ಕೋಣೆಯಲ್ಲಿ ಇಡುವುದು ಒಳ್ಳೆಯದು.