ಐದು ವರ್ಷ ಬಳಸಿದ ಆರ್‌ಒ ಯಂತ್ರ: ಎಲ್ಲವೂ ಸರಿ, ಆ ಒಂದು ತಿರುಪು ಬಿಟ್ಟು

ಯಂತ್ರ ಎಷ್ಟು ಲೀಟರಿನದು, ನೀರನ್ನು ಎಷ್ಟು ಹಂತಗಳಲ್ಲಿ ಸೋಸುತ್ತದೆ ಎಂಬುದೆಲ್ಲ ಡಬ್ಬದ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಬಿಡೋಣ. ನಾನು ಬೇಳೆಯಿಂದ ಶುರು ಮಾಡುತ್ತೇನೆ.

ನಮ್ಮದು ಪಾವಗಡ. ಮನೆಯ ತೊಟ್ಟಿಗೆ ಬೀಳುವುದು ಕೊಳವೆಬಾವಿಯ ನೀರು. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ತೊಗರಿಬೇಳೆ ಕುಕ್ಕರಿನಲ್ಲಿ ಆರು ವಿಸಿಲ್ ಕೂಗಿದರೂ ಕಾಳುಕಾಳಾಗಿಯೇ ಉಳಿಯುತ್ತಿತ್ತು. ಚಹಾದ ಮೇಲೆ ತೆಳ್ಳನೆಯ ಕೆನೆಯಂಥ ಪೊರೆ, ಪಾತ್ರೆಯ ತಳದಲ್ಲಿ ಸುಣ್ಣ. 2020ರ ಫೆಬ್ರವರಿಯಲ್ಲಿ 14,500 ರೂಪಾಯಿ ಕೊಟ್ಟು ಈ ಯಂತ್ರ ಹಾಕಿಸಿದ ಮಾರನೆಯ ದಿನ ಅದೇ ಬೇಳೆ ಮೂರು ವಿಸಿಲ್‌ಗೆ ಬೆಣ್ಣೆಯಾಯಿತು. ಆ ದಿನ ಸಾರು ಕಡೆಯುವ ಅಗತ್ಯವೇ ಬೀಳಲಿಲ್ಲ. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು, ಖರ್ಚನ್ನು ರವಿಕೆಗಳಲ್ಲಿ ಲೆಕ್ಕ ಹಾಕುತ್ತೇನೆ. ಒಂದು ರವಿಕೆಗೆ 250ರಂತೆ 58 ರವಿಕೆಗಳ ಯಂತ್ರ ಅದು. ಆ ಸಾರು ಉಂಡ ಮೇಲೆ ಹೊಟ್ಟೆಯುರಿ ಅರ್ಧ ಇಳಿಯಿತು.

ಮಾರಲು ಬಂದವನು ತೋರಿಸಿದ ಆಟವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಈಗಲೂ ಬೀದಿಬೀದಿಯಲ್ಲಿ ಅದನ್ನೇ ತೋರಿಸುತ್ತಾರೆ. ಎರಡು ಲೋಟ, ಒಂದರಲ್ಲಿ ನಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ಅವನ ಯಂತ್ರದ ನೀರು. ಎರಡಕ್ಕೂ ಕರೆಂಟಿನ ಕಡ್ಡಿಗಳನ್ನು ಇಳಿಸಿದ. ನಿಮಿಷದೊಳಗೆ ನಮ್ಮ ನೀರು ಕೆಸರಿನ ಬಣ್ಣಕ್ಕೆ ತಿರುಗಿ ನೊರೆ ಕಾರಿತು. ಅವನದು ಹಾಗೆಯೇ ತಿಳಿಯಾಗಿತ್ತು. ಅತ್ತೆ ಬಾಯಿಯ ಮೇಲೆ ಸೆರಗಿಟ್ಟುಕೊಂಡರು. ಆಮೇಲೊಂದು ದಿನ ಎದುರುಮನೆಯ ವಿಜ್ಞಾನದ ಮೇಷ್ಟ್ರು ನಗುತ್ತಾ ವಿವರಿಸಿದರು: ಕಡ್ಡಿ ಕಬ್ಬಿಣದ್ದು, ನೀರಿನಲ್ಲಿ ಲವಣವಿದ್ದರೆ ಕರೆಂಟು ಹರಿಯುತ್ತದೆ, ಕಬ್ಬಿಣವೇ ಕರಗಿ ಕೆಸರಾಗುತ್ತದೆ. ಅವನ ಶುದ್ಧ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದ್ದರೂ ಅದೇ ಕೆಸರು ಬರುತ್ತಿತ್ತಂತೆ. ಮೋಸದ ಆಟ ನೋಡಿ ಕೊಂಡ ಯಂತ್ರ ನಮಗೆ ನಿಜಕ್ಕೂ ಬೇಕಾದದ್ದೇ ಆಗಿತ್ತು ಎಂಬುದು ಬೇರೆ ಮಾತು.

ಏಕೆ ಬೇಕಾಗಿತ್ತೆಂದರೆ ನಮ್ಮ ಕಡೆಯ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಮಿತಿಮೀರಿ ಇದೆ. ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ನನ್ನ ಗಂಡ ಎಲೆ ಅಡಿಕೆಯನ್ನೇ ಮುಟ್ಟದವರು. ಆದರೂ ತುಮಕೂರಿನಲ್ಲಿ ಅವರು ನಕ್ಕರೆ ಎದುರಿಗಿದ್ದವರು ಗುಟ್ಕಾ ಜಗಿಯುವವರೆಂದೇ ತಿಳಿಯುತ್ತಾರೆ. ಹಲ್ಲಿನ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳು. ಶಾಶ್ವತ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿದ ನೀರು ಬರೆದ ಗೆರೆ ಅದು. ಉಜ್ಜಿದರೆ ಹೋಗುವುದಿಲ್ಲ. ಫ್ಲೋರೈಡ್ ಮೂಳೆಗೆ ಇಳಿದವರ ಕಷ್ಟ ಇನ್ನೂ ದೊಡ್ಡದು. ಕುತ್ತಿಗೆ ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸಿ ಮಾತಾಡಿಸುವ ಹಿರಿಯರನ್ನು ನಾನು ಹಳ್ಳಿಯಲ್ಲಿ ನೋಡಿದ್ದೇನೆ. ಯಂತ್ರ ಬಂದಾಗ ಮಗಳಿಗೆ ಮೂರು ವರ್ಷ. 58 ರವಿಕೆ ಹೊಲಿದದ್ದು ಬೇಳೆಗಲ್ಲ, ಅವಳ ಹಲ್ಲಿಗೆ.

ಅತ್ತೆಗೆ ಮಾತ್ರ ಈ ನೀರು ಹಿಡಿಸಲೇ ಇಲ್ಲ. ಬೆಳಿಗ್ಗೆ ಯಂತ್ರದಿಂದ ತಾಮ್ರದ ಬಿಂದಿಗೆಗೆ ನೀರು ತುಂಬುವುದು ಅವರದೇ ಕೆಲಸ. ಅದರ ಬಾಯಿಗೆ ಬಿಳಿಬಟ್ಟೆ ಕಟ್ಟಿ, ಸೋಸಿದ್ದನ್ನೇ ಮತ್ತೆ ಸೋಸಿ, ಬಿಂದಿಗೆಯ ಕುತ್ತಿಗೆಗೆ ಒಂದು ಹೂವಿಟ್ಟು, ಮೊದಲ ಲೋಟವನ್ನು ನಿಂತೇ ಕುಡಿದು, "ಸಪ್ಪೆ ಕಣಮ್ಮ, ಇದರಲ್ಲಿ ಸತ್ವವೇ ಇಲ್ಲ" ಎನ್ನುವರು. ಹೂವು, ಲೋಟ, ಸಪ್ಪೆ. ಎರಡು ವರ್ಷ ಪ್ರತಿದಿನ ಇದೇ. ಕೊನೆಗೆ 2022ರ ಜನವರಿಯಲ್ಲಿ ಸರ್ವಿಸಿಗೆ ಬಂದ ಹುಡುಗನಿಗೆ ನಾನೇ ಹೇಳಿದೆ, ನೀರು ಸಪ್ಪೆಯಂತೆ, ಏನಾದರೂ ಮಾಡಪ್ಪ ಎಂದು.

"ಅಷ್ಟೇನಾ ಅಕ್ಕಾ" ಎಂದವನೇ ಮುಚ್ಚಳ ತೆಗೆದು, ಒಳಗಿದ್ದ ಒಂದು ಪುಟ್ಟ ತಿರುಪನ್ನು ತಿರುಗಿಸಿದ. ನೀರಿನಲ್ಲಿ ಕರಗಿದ್ದನ್ನೆಲ್ಲ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವ ಟಿಡಿಎಸ್ ಮೀಟರನ್ನು ಲೋಟಕ್ಕೆ ಅದ್ದಿ ತೋರಿಸಿದ. 50 ಇದ್ದದ್ದು 480 ಆಗಿತ್ತು. "500ರ ಒಳಗಿದ್ದರೆ ಸರ್ಕಾರದ ಲೆಕ್ಕದಲ್ಲೂ ಒಳ್ಳೆಯ ನೀರೇ." ಅತ್ತೆ ಕುಡಿದರು. ತಲೆಯಾಡಿಸಿದರು. ಹುಡುಗನಿಗೆ ಚಹಾ ಸಿಕ್ಕಿತು.

ಅಂದಿನಿಂದ ಯಂತ್ರದ ಟ್ಯಾಂಕು ಬೇಗ ತುಂಬತೊಡಗಿತು. ಸೋಸುವಾಗ ಯಂತ್ರ ಹೊರಹಾಕುವ ಉಪ್ಪುನೀರಿನ ಬಕೆಟ್ಟುಗಳೂ ಕಡಿಮೆಯಾದವು. ಯಂತ್ರ ಪಳಗಿತೆಂದು ಹಿಗ್ಗಿದೆ. ಬೇಳೆ ಮಾತ್ರ ಮೂರರಿಂದ ಐದು ವಿಸಿಲ್‌ಗೆ ಏರಿತು. ಹಳೆಯ ಬೇಳೆ ಕೊಟ್ಟಿದ್ದೀರೆಂದು ಅಂಗಡಿಯವರೊಂದಿಗೆ ಜಗಳವಾಡಿದೆ, ಅಂಗಡಿಯನ್ನೇ ಬದಲಿಸಿದೆ. ಕುಕ್ಕರಿನ ರಬ್ಬರ್ ಬದಲಿಸಿದೆ. ಆ ತಿರುಪಿನ ನೆನಪು ಒಂದು ದಿನವೂ ಬರಲಿಲ್ಲ.

2023ರ ಬೇಸಿಗೆಯಲ್ಲಿ ನನ್ನ ಓರಗಿತ್ತಿ ಹಳ್ಳಿಯಿಂದ ಬಂದಳು. ಜಲಜೀವನ್ ಮಿಷನ್ನಿನಲ್ಲಿ ಹಳ್ಳಿಯ ಹೆಂಗಸರಿಗೆ ನೀರು ಪರೀಕ್ಷಿಸುವ ಪೆಟ್ಟಿಗೆ ಕೊಟ್ಟು ತರಬೇತಿ ಕೊಡುತ್ತಾರಲ್ಲ, ಅವಳೂ ಅದನ್ನು ಕಲಿತಿದ್ದಾಳೆ. ಪೆಟ್ಟಿಗೆಯೂ ಜೊತೆಗೇ ಬಂದಿತ್ತು. "ಅಕ್ಕಾ, ನಿಮ್ಮ ಮಿಷನ್ ನೀರನ್ನೂ ನೋಡೋಣ" ಎಂದು ಸೀಸೆಗೆ ನಾಲ್ಕು ಹನಿ ಔಷಧಿ ಬಿಟ್ಟಳು. ಬಣ್ಣ ನಸುಗೆಂಪಾಗಿ ಉಳಿದರೆ ನೀರು ಒಳ್ಳೆಯದು, ಹಳದಿಯತ್ತ ಜಾರಿದರೆ ಫ್ಲೋರೈಡ್. ಸೀಸೆ ಹಳದಿಗೆ ಜಾರಿತು. ಇಬ್ಬರೂ ನಂಬದೆ ಮತ್ತೊಮ್ಮೆ ಮಾಡಿದೆವು. ಮತ್ತೆ ಹಳದಿ.

ಪ್ರಯೋಗಾಲಯಕ್ಕೆ ಎರಡು ಬಾಟಲಿ ಕಳುಹಿಸಿದೆ. ತೊಟ್ಟಿಯ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್. ಯಂತ್ರದ ನೀರಿನಲ್ಲಿ 1.4. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಪ್ಪುವುದು 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ. ಇಷ್ಟು ದುಡ್ಡು ಸುರಿದು, ಬೇರೆ ಗತಿಯಿಲ್ಲದವರಿಗೆಂದು ಇಟ್ಟ ಮಿತಿಯ ಅಂಚಿನ ನೀರು ಕುಡಿಯುತ್ತಿದ್ದೆವು.

ಆ ತಿರುಪು ಮಾಡುವುದಿಷ್ಟೇ. ಯಂತ್ರದೊಳಗೆ ಲವಣ ತಡೆಯುವ ಒಂದು ಪೊರೆ ಇದೆ. ಅದನ್ನು ದಾಟಿ ಬಂದ ನೀರಿಗೆ, ಪೊರೆಯನ್ನು ದಾಟದೆಯೇ ಪಕ್ಕದ ಕೊಳವೆಯಿಂದ ಬಂದ ನೀರನ್ನು ಬೆರೆಸುತ್ತದೆ. ಆ ಪಕ್ಕದ ನೀರಿಗೆ ಕೆಸರು ಸೋಸಿರುತ್ತದೆ, ಕ್ರಿಮಿ ಕೊಲ್ಲುವ ಯುವಿ ಬೆಳಕನ್ನೂ ತೋರಿಸಿರುತ್ತಾರೆ, ಆದರೆ ಅದರಲ್ಲಿ ಕರಗಿದ ಲವಣ, ಗಡಸುತನ, ಫ್ಲೋರೈಡ್ ಯಾವುದೂ ಹೋಗಿರುವುದಿಲ್ಲ. ನಮ್ಮ ಲೋಟದಲ್ಲಿ ಹತ್ತರಲ್ಲಿ ನಾಲ್ಕು ಪಾಲು ತೊಟ್ಟಿಯ ನೀರೇ ಇತ್ತು. ಟ್ಯಾಂಕು ಬೇಗ ತುಂಬಿದ್ದೂ ಅದಕ್ಕೇ, ಬೇಳೆ ಬೇಯದ್ದೂ ಅದಕ್ಕೇ. ಆ ಮೀಟರಾದರೋ ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಎಂದು ಅಂದಾಜು ಹೇಳುತ್ತದೆ, ಕರಗಿದ್ದು ಏನೆಂದು ಹೇಳುವುದಿಲ್ಲ. 480 ತೋರಿಸಿದರೆ ಅದರಲ್ಲಿ ಸುಣ್ಣವೆಷ್ಟು, ಫ್ಲೋರೈಡ್ ಎಷ್ಟು ಎಂಬುದು ಅದಕ್ಕೆ ಗೊತ್ತಿಲ್ಲ. ಕುದಿಸಿದರಾಯಿತಲ್ಲ ಎಂದು ಅತ್ತೆ ಅಂದರು. ಕುದಿಸಿದರೆ ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ.

ಕಂಪನಿಗೆ ಫೋನು ಮಾಡಿದೆ. ಹೆಸರು ಹೇಳುವುದಿಲ್ಲ, ಎಲ್ಲರ ಯಂತ್ರದಲ್ಲೂ ಇಂಥದ್ದೊಂದು ತಿರುಪು ಇರಬಹುದು. "ಗ್ರಾಹಕರೇ ರುಚಿ ಕೇಳಿದ್ದರು ಎಂದು ದಾಖಲಾಗಿದೆ ಮೇಡಂ" ಎಂದರು. ಸುಳ್ಳಲ್ಲ, ಕೇಳಿದ್ದು ನಾನೇ. ಆದರೆ ಫ್ಲೋರೈಡ್ ಇರುವ ಊರಿನಲ್ಲಿ ಯಂತ್ರ ಮಾರುವವರು ಈ ತಿರುಪಿಗೆ ಬೀಗ ಹಾಕಿ ಕಳಿಸಬೇಕಿತ್ತು. ಕೈಪಿಡಿಯಲ್ಲಿ ಅದರ ಬಗ್ಗೆ ಇರುವುದು ಒಂದೇ ಸಾಲು: ರುಚಿಗೆ ತಕ್ಕಂತೆ ಹೊಂದಿಸಿಕೊಳ್ಳಿ. ಉಪ್ಪಿನಕಾಯಿಗೆ ಹೇಳುವ ಮಾತು. ಸುಮಾರು ಹದಿನೆಂಟು ತಿಂಗಳು ಮಗಳು ಆ ನೀರು ಕುಡಿದಳು, ಐದರಿಂದ ಆರೂವರೆಯವರೆಗೆ. ಈಗ ಮುಂದಿನ ಹಲ್ಲುಗಳು ಬಂದಿವೆ. ಎರಡರ ಮೇಲೆ ತೆಳ್ಳಗೆ ಬಿಳಿ ಗೆರೆ ಇದೆ, ಬಿಸಿಲಿನಲ್ಲಿ ಮಾತ್ರ ಕಾಣುತ್ತದೆ. ದಂತವೈದ್ಯರು ಏನೂ ಆಗುವುದಿಲ್ಲ ಎಂದರು. ನಾನು ದಿನಾ ನೋಡುತ್ತೇನೆ.

ಇಷ್ಟು ಬೈದ ಮೇಲೂ ಯಂತ್ರವನ್ನು ಮನೆಯಿಂದ ಹೊರಹಾಕಿಲ್ಲ. ತಿರುಪನ್ನು ಪೂರ್ತಿ ಮುಚ್ಚಿಸಿ ಮತ್ತೆ ಪರೀಕ್ಷೆ ಮಾಡಿಸಿದಾಗ ಫ್ಲೋರೈಡ್ 0.2ಕ್ಕೆ ಇಳಿಯಿತು. ಪೊರೆ ತನ್ನ ಕೆಲಸ ಮಾಡುತ್ತದೆ, ಅದರ ಮೇಲೆ ದೂರಿಲ್ಲ.

ದೂರು ಇರುವುದು ಬಕೆಟ್ಟಿನ ಮೇಲೆ. ಒಂದು ಬಿಂದಿಗೆ ಒಳ್ಳೆಯ ನೀರಿಗೆ ಮೂರು ಬಿಂದಿಗೆ ಹೊರಕ್ಕೆ. ಮಳೆಯೇ ಅಪರೂಪವಾದ ಊರಿನಲ್ಲಿ ಇದನ್ನು ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ. ನೆಲ ಒರೆಸಿದೆ, ಬಚ್ಚಲಿಗೆ ಬಳಸಿದೆ. ದಾಸವಾಳಕ್ಕೆ ಹಾಕಿ ಎಲೆಯಂಚು ಸುಟ್ಟಿತು. ಪಕ್ಕದ ಮನೆಯವರ ಹಸುವಿಗೆ ಇಡುತ್ತಿದ್ದೆ, ಪ್ರಯೋಗಾಲಯದ ಚೀಟಿ ನೋಡಿದ ದಿನವೇ ನಿಲ್ಲಿಸಿದೆ. ಪೊರೆ ತಡೆದ ಫ್ಲೋರೈಡೆಲ್ಲ ಆ ಬಕೆಟ್ಟಿಗೇ ಬರುತ್ತದೆ, ದನದ ಹಲ್ಲು ಮೂಳೆಯನ್ನೂ ಅದು ಬಿಡುವುದಿಲ್ಲ.

ಆ ನೀರಿಗೆ ಒಂದು ಒಳ್ಳೆಯ ಜಾಗ ಸಿಕ್ಕಿದ್ದು ಅಪಘಾತದಿಂದ. ಕಳೆದ ವರ್ಷ ಒಂದು ರಾತ್ರಿ ಯಂತ್ರದ ಹಿಂದಿನ ಬಿಳಿ ಪೈಪು ಕಳಚಿಕೊಂಡು ಗೋಡೆಯೆಲ್ಲ ಒದ್ದೆಯಾಯಿತು. ಕೆಳಗೇ ಪ್ಲಗ್ಗಿನ ಬೋರ್ಡು. ಬೆಳಿಗ್ಗೆ ಅತ್ತೆ ಸ್ಟೀಲಿನ ಸಿಂಕಿಗೆ ಕೈ ಹಾಕಿ "ಅಯ್ಯೋ" ಎಂದು ಹಿಂದೆ ಸರಿದರು. ದೇವರ ದಯೆ, ಜುಮ್ಮೆಂದದ್ದಷ್ಟೇ. ಬಂದ ಎಲೆಕ್ಟ್ರಿಷಿಯನ್ ಅಣ್ಣ ಮೊದಲು ಕೇಳಿದ್ದು ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಗುಂಡಿ ಎಲ್ಲಿದೆ ಎಂದು. ಮನೆ ಕಟ್ಟಿದಾಗ ಉಪ್ಪು, ಇದ್ದಿಲು ಹಾಕಿ ಮುಚ್ಚಿದ ಮೇಲೆ ಅದಕ್ಕೆ ಯಾರೂ ನೀರು ಹಾಕಿರಲಿಲ್ಲ. ಮಣ್ಣು ಒಣಗಿ ಕಲ್ಲಾಗಿತ್ತು, ತಂತಿಯೂ ತುಕ್ಕು ಹಿಡಿದು ತುಂಡಾಗಿತ್ತು. ನನ್ನ ಹೊಲಿಗೆ ಯಂತ್ರದ ಮೋಟಾರು ಆಗಾಗ ಬೆರಳಿಗೆ ಚುರುಗುಟ್ಟಿಸುವುದನ್ನು ಮೋಟಾರಿನ ಗುಣವೆಂದೇ ವರ್ಷಗಟ್ಟಲೆ ಸಹಿಸಿದ್ದೆ. ಅದಕ್ಕೂ ಕಾರಣ ಇದೇ. ತಂತಿ ಬದಲಿಸಿ, ಕರೆಂಟು ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿ, ಬೋರ್ಡನ್ನು ಎತ್ತರಕ್ಕೆ ಸರಿಸಿ 4,200 ರೂಪಾಯಿ ತೆಗೆದುಕೊಂಡರು. ಹದಿನೇಳು ರವಿಕೆ. ಒಮ್ಮೆಯೂ ಚೌಕಾಸಿ ಮಾಡಲಿಲ್ಲ.

"ವಾರಕ್ಕೊಂದು ಬಕೆಟ್ ನೀರು ಹಾಕುತ್ತಿರಿ, ಉಪ್ಪುನೀರಾದರೆ ಇನ್ನೂ ಒಳ್ಳೆಯದು" ಎಂದರು. ಉಪ್ಪುನೀರಿಗೆ ನಮ್ಮ ಮನೆಯಲ್ಲಿ ಬರವೇ? ಈಗ ಭಾನುವಾರ ಬೆಳಿಗ್ಗೆ ಅತ್ತೆ ಬಿಂದಿಗೆಗೆ ಹೂವಿಡುವ ಹೊತ್ತಿಗೆ ಮಗಳು ಹಿತ್ತಲಿನ ಗುಂಡಿಗೆ ಬಕೆಟ್ ಸುರಿಯುತ್ತಾಳೆ. ಅದು ಗಟಗಟನೆ ಕುಡಿಯುವ ಸದ್ದನ್ನು ಕೇಳಲು ಕುಕ್ಕರಗಾಲಿನಲ್ಲಿ ಕೂರುತ್ತಾಳೆ.

ಮೈಸೂರಿನಲ್ಲಿರುವ ತಂಗಿ ತನಗೂ ಇದೇ ಯಂತ್ರ ಬೇಕೆಂದಳು. ಬೇಡವೆಂದೆ. ಅವಳ ಮನೆಗೆ ಬರುವುದು ಕಾವೇರಿ ನೀರು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ 2019ರಲ್ಲಿ ಹೇಳಿತ್ತು. ತುಂಗಭದ್ರೆಯ ಹಿನ್ನೀರು ನಮ್ಮ ನಲ್ಲಿಗೂ ದಿನಾ ಬರುವಂತಾದರೆ ಮೊದಲು ಒಂದು ಬಾಟಲಿ ಪರೀಕ್ಷೆಗೆ ಕಳಿಸಿ, ಆಮೇಲೆ ಈ ಯಂತ್ರದ ಪ್ಲಗ್ ಕೀಳುತ್ತೇನೆ.

ಐದಕ್ಕೆ ಮೂರು ನಕ್ಷತ್ರ. ಕಡಿತಗೊಂಡ ಎರಡು ನಕ್ಷತ್ರಗಳೂ ಆ ತಿರುಪಿನ ಲೆಕ್ಕಕ್ಕೆ. ಮುಚ್ಚಿದ ತಿರುಪಿನ ಮೇಲೆ ಉಗುರುಬಣ್ಣದಿಂದ ಒಂದು ಕೆಂಪು ಗೆರೆ ಎಳೆದಿದ್ದೇನೆ, ಯಾರಾದರೂ ತಿರುಗಿಸಿದರೆ ಗೆರೆ ಮುರಿಯುತ್ತದೆ. ಹೋದ ತಿಂಗಳು ಬಂದ ಹೊಸ ಹುಡುಗ ಲೋಟ ಕೈಗೆ ತೆಗೆದುಕೊಂಡು, "ನೀರು ಸ್ವಲ್ಪ ಸಪ್ಪೆ ಅಲ್ಲವಾ ಅಕ್ಕಾ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಳಗಿನಿಂದ ಕೂಗಿದರು: "ಸಪ್ಪೆಯೇ ಇರಲಿ ಬಿಡಪ್ಪ, ಮುಚ್ಚಳ ಹಾಕು."