ಯುಎಇ ಶಾಲೆಯ ಕೆಲಸ ಬಿಡುವಾಗ ಮೊಹ್ರೆ ಆ್ಯಪ್, ಆಮೆರ್ ಕೌಂಟರ್: ಎಲ್ಲಿ ನಂಬಬಹುದು, ಎಲ್ಲಿ ಎಚ್ಚರ ಬೇಕು

ದುಬೈ, ಶಾರ್ಜಾ, ಅಬುಧಾಬಿಯ ಭಾರತೀಯ ಶಾಲೆಗಳಲ್ಲಿ ಮಂಗಳೂರು, ಉಡುಪಿ ಕಡೆಯ ಶಿಕ್ಷಕರು ಹೊಸಬರೇನಲ್ಲ. ಕೆಲಸಕ್ಕೆ ಸೇರುವಾಗ ದಾರಿ ತೋರಿಸುವವರಿಗೆ ಬರವಿಲ್ಲ. ಬಿಡುವಾಗ ಮಾತ್ರ ಶಾಲೆಯ ಪಿಆರ್‌ಒ (ವೀಸಾ, ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವವರು) ಹೇಳಿದ್ದೇ ವೇದವಾಗುತ್ತದೆ. ಅವರು ಹೇಳಿದ್ದು ಸರಿಯೋ ತಪ್ಪೋ ನೋಡಲು ಶಿಕ್ಷಕರ ಕೈಯಲ್ಲಿರುವುದು ಕೆಲವು ಸರ್ಕಾರಿ ಸೇವೆಗಳು: ಕಾರ್ಮಿಕ ಸಚಿವಾಲಯದ ಮೊಹ್ರೆ ಆ್ಯಪ್, ದುಬೈಯಲ್ಲಿ ವೀಸಾ ಅರ್ಜಿ ಪಡೆಯುವ ಆಮೆರ್ ಕೇಂದ್ರ, ವೀಸಾ ಇಲಾಖೆಗಳಾದ ಜಿಡಿಆರ್‌ಎಫ್‌ಎ (ದುಬೈ) ಮತ್ತು ಐಸಿಪಿ (ಬೇರೆ ಎಮಿರೇಟ್‌ಗಳು) ವೆಬ್‌ಸೈಟ್, ಐಲೋ ನಿರುದ್ಯೋಗ ವಿಮೆ. ಇವುಗಳ ಬಗ್ಗೆ ನಮ್ಮ ಅಭಿಪ್ರಾಯ ಇಷ್ಟು: ವೀಸಾ ರದ್ದು ಮಾಡುವುದರಲ್ಲಿ ಎಲ್ಲವೂ ಬಲು ಚುರುಕು, ನಿಮ್ಮ ದುಡ್ಡು ಕೈಸೇರಿತೇ ಎಂದು ತಾವಾಗಿ ವಿಚಾರಿಸುವುದರಲ್ಲಿ ಅಷ್ಟೇ ಮಂದ. ಆ ಕೆಲಸ ನಿಮ್ಮದೇ.

ಮೊದಲು ನಿಮ್ಮ ವೀಸಾ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಗಂಡನ ಸ್ಪಾನ್ಸರ್‌ಶಿಪ್‌ನಲ್ಲಿದ್ದು ಶಾಲೆಯಿಂದ ಬರೀ ಲೇಬರ್ ಕಾರ್ಡ್ (ವರ್ಕ್ ಪರ್ಮಿಟ್) ಪಡೆದ ಶಿಕ್ಷಕಿಯರು ಬೇಕಾದಷ್ಟಿದ್ದಾರೆ. ಅವರು ಕೆಲಸ ಬಿಟ್ಟರೆ ರದ್ದಾಗುವುದು ವರ್ಕ್ ಪರ್ಮಿಟ್ ಮಾತ್ರ, ವಾಸದ ವೀಸಾಕ್ಕೆ ಏನೂ ಆಗುವುದಿಲ್ಲ. ಸ್ಪಾನ್ಸರ್ ಬೇಡದ ದೀರ್ಘಾವಧಿಯ ಗೋಲ್ಡನ್ ವೀಸಾದವರದ್ದೂ ಹೀಗೆಯೇ. ಶಾಲೆಯೇ ಸ್ಪಾನ್ಸರ್ ಆಗಿದ್ದರೆ ಕೆಲಸ ಮತ್ತು ವಾಸ ಎರಡೂ ಒಟ್ಟಿಗೆ ಮುಗಿಯುತ್ತವೆ. ನಿಮ್ಮ ಹೆಸರಿನಲ್ಲಿ ಹೆಂಡತಿ, ಮಕ್ಕಳು ಇದ್ದರಂತೂ ಅವರ ವೀಸಾ ಮೊದಲು ರದ್ದಾಗಬೇಕು, ಇಲ್ಲವೇ ಹೋಲ್ಡ್‌ಗೆ (ತಾತ್ಕಾಲಿಕ ತಡೆಗೆ) ಹೋಗಬೇಕು. ಅಲ್ಲಿಯವರೆಗೆ ನಿಮ್ಮದು ರದ್ದಾಗುವುದಿಲ್ಲ. ಟಿಕೆಟ್ ತೆಗೆದ ಮೇಲೆ ಇದು ಗೊತ್ತಾಗಿ ಪರದಾಡುವವರೇ ಹೆಚ್ಚು.

ಈಗ ಮೊಹ್ರೆ ಆ್ಯಪ್. ಯುಎಇ ಪಾಸ್‌ನಿಂದ (ಸರ್ಕಾರದ ಡಿಜಿಟಲ್ ಗುರುತು) ಲಾಗಿನ್ ಆದರೆ ನೋಂದಣಿಯಾದ ಕರಾರು ಪತ್ರ ಸಿಗುತ್ತದೆ. ರಾಜೀನಾಮೆ ಬರೆಯುವ ಮುಂಚೆಯೇ ಅದನ್ನು ಡೌನ್‌ಲೋಡ್ ಮಾಡಿ, ಮೂರು ಸಾಲು ಓದಿ: ಬೇಸಿಕ್ ಸಂಬಳ, ನೋಟಿಸ್ ಅವಧಿ, ಕೆಲಸಕ್ಕೆ ಸೇರಿದ ದಿನ. ಶಾಲೆ ಕೊಟ್ಟ ಆಫರ್ ಲೆಟರ್‌ನಲ್ಲಿ ಒಂದು, ಮೊಹ್ರೆ ಕರಾರಿನಲ್ಲಿ ಇನ್ನೊಂದು ಇರುವುದುಂಟು. ಜಗಳ ಬಂದಾಗ ಅಧಿಕಾರಿ ಮೊದಲು ತೆರೆಯುವುದು ಮೊಹ್ರೆಯ ಪ್ರತಿಯನ್ನು. ಆ್ಯಪ್‌ನ ಈ ಭಾಗ ಚೆನ್ನಾಗಿದೆ, ಯಾರ ಕೈಕಾಲು ಹಿಡಿಯದೆ ಕೆಲಸ ಆಗುತ್ತದೆ.

ನೋಟಿಸ್ ಲೆಕ್ಕಕ್ಕೆ ಆಧಾರ 2022ರ ಫೆಬ್ರವರಿ 2ರಂದು ಜಾರಿಗೆ ಬಂದ ಕಾರ್ಮಿಕ ಕಾನೂನು. ಪ್ರೊಬೇಷನ್ ಮುಗಿದವರಿಗೆ ನೋಟಿಸ್ 30 ದಿನಕ್ಕಿಂತ ಕಡಿಮೆ ಇರಬಾರದು, 90 ದಿನ ಮೀರಬಾರದು. ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚಿಲ್ಲ. ಆ ಅವಧಿಯಲ್ಲೇ ಬಿಟ್ಟು ಊರಿಗೆ ಹೋಗುವುದಾದರೆ 14 ದಿನದ ನೋಟಿಸ್, ಯುಎಇಯಲ್ಲೇ ಬೇರೆ ಕಡೆ ಸೇರುವುದಾದರೆ ಒಂದು ತಿಂಗಳು. ಊರಿಗೆ ಹೋದವರು ಮೂರು ತಿಂಗಳೊಳಗೆ ಹೊಸ ಕೆಲಸ ಹಿಡಿದು ವಾಪಸು ಬಂದರೆ, ಹಳೆಯ ಶಾಲೆಯ ನೇಮಕಾತಿ ಖರ್ಚನ್ನು ಹೊಸ ಶಾಲೆ ತುಂಬಿಕೊಡಬೇಕಾಗುತ್ತದೆ. ನೋಟಿಸ್ ಪೂರ್ತಿ ಮಾಡದೆ ಎದ್ದು ಹೋದರೆ ಉಳಿದ ದಿನಗಳ ಸಂಬಳವನ್ನು ನೀವೇ ಕಟ್ಟಬೇಕು.

ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರು, ಮಾರ್ಚ್‌ನಲ್ಲಿ ಮುಕ್ತಾಯ. 60 ದಿನದ ನೋಟಿಸ್ ಇದ್ದು ಮಾರ್ಚ್ 31 ಕೊನೆಯ ದಿನ ಆಗಬೇಕಾದರೆ ಪತ್ರ ಜನವರಿ 30ಕ್ಕೆ ಮೇಲ್ ಆಗಿರಬೇಕು. ಬಾಯಿಮಾತಿನಲ್ಲಿ ಪ್ರಿನ್ಸಿಪಾಲರಿಗೆ ಹೇಳಿದ್ದು ಲೆಕ್ಕಕ್ಕಿಲ್ಲ. ಮೇಲ್‌ನಲ್ಲಿ ಪತ್ರದ ದಿನಾಂಕ, ಕೊನೆಯ ಕೆಲಸದ ದಿನ ಎರಡೂ ಇರಲಿ. ಶಾಲೆ ಒಪ್ಪಿಗೆ ಕಳಿಸಲು ತಿಂಗಳು ಎಳೆದರೂ ನೋಟಿಸ್ ಎಣಿಕೆ ನಿಲ್ಲುವುದಿಲ್ಲ. ದುಬೈಯವರಿಗೆ ಇನ್ನೊಂದು ತೊಡಕಿದೆ: ಶೈಕ್ಷಣಿಕ ವರ್ಷದ ಮಧ್ಯದಲ್ಲಿ ಬಿಟ್ಟವರು ಅಲ್ಲಿನ ಬೇರೆ ಖಾಸಗಿ ಶಾಲೆಗೆ ಸೇರುವ ಮುನ್ನ 90 ದಿನ ಕಾಯಬೇಕೆಂದು ಖಾಸಗಿ ಶಾಲೆಗಳ ನಿಯಂತ್ರಕ ಸಂಸ್ಥೆ ಕೆಎಚ್‌ಡಿಎ ನಿಯಮ ತಂದಿದೆ.

ಇನ್ನು ಬೇಸಗೆ ರಜೆ. ಜುಲೈಯಲ್ಲಿ ಊರಿಗೆ ಹೋಗಿ ಅಲ್ಲಿಂದಲೇ 'ಬರುವುದಿಲ್ಲ' ಎಂದು ವಾಟ್ಸ್‌ಆ್ಯಪ್ ಮಾಡುವುದು ಸುಲಭದ ದಾರಿಯಂತೆ ಕಾಣುತ್ತದೆ. ಇಷ್ಟು ದುಬಾರಿ ದಾರಿ ಇನ್ನೊಂದಿಲ್ಲ. ಸತತ 7 ದಿನಕ್ಕಿಂತ ಹೆಚ್ಚು ಹೇಳದೆ ಕೇಳದೆ ಗೈರಾದರೆ ಶಾಲೆ ಮೊಹ್ರೆಯಲ್ಲಿ ಗೈರುಹಾಜರಿ ದೂರು ದಾಖಲಿಸಬಹುದು. ಗಲ್ಫ್‌ನಲ್ಲಿ ಎಲ್ಲರ ಬಾಯಲ್ಲಿರುವ 'ಅಬ್ಸ್‌ಕಾಂಡಿಂಗ್' ಇದೇ. ದೂರು ಸಾಬೀತಾದರೆ ಒಂದು ವರ್ಷ ಹೊಸ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಸುಳ್ಳು ದೂರನ್ನು ಪ್ರಶ್ನಿಸಲು ಅವಕಾಶವಿದೆ. ಆದರೆ ರಾಜೀನಾಮೆಯ ಮೇಲ್, ರಜೆ ಮಂಜೂರಾದ ಕಾಗದ, ಬೋರ್ಡಿಂಗ್ ಪಾಸ್ ಕೈಯಲ್ಲಿಲ್ಲದವರು ಹೇಳಿದ್ದನ್ನು ಕೇಳುವವರಿಲ್ಲ.

ಆ್ಯಪ್ ವ್ಯವಸ್ಥೆ ಸೋಲುವ ಜಾಗ ವರ್ಕ್ ಪರ್ಮಿಟ್ ರದ್ದತಿಯ ಅರ್ಜಿ. ಅರ್ಜಿ ಹಾಕುವುದು ಶಾಲೆ, ಸಹಿ ಹಾಕುವುದು ನೀವು. ಪಿಆರ್‌ಒ ಕಾಗದ ಚಾಚಿದಾಗಲೋ ಫೋನ್‌ಗೆ ಲಿಂಕ್ ಬಂದಾಗಲೋ ಹೆಚ್ಚಿನವರು ಓದದೆ ಮುಗಿಸಿಬಿಡುತ್ತಾರೆ. ಅರೇಬಿಕ್ ಮತ್ತು ಇಂಗ್ಲಿಷ್‌ನಲ್ಲಿರುವ ಆ ಒಕ್ಕಣೆಯ ತಿರುಳು: 'ಸಂಬಳ, ಸೇವಾಂತ್ಯದ ಹಣ ಸೇರಿ ನನಗೆ ಬರಬೇಕಾದುದೆಲ್ಲ ಸಂದಿದೆ, ಇನ್ನು ಯಾವ ಬಾಕಿಯೂ ಇಲ್ಲ.' ಹಣ ಬ್ಯಾಂಕಿಗೆ ಬರುವ ಮುಂಚೆ ಇದಕ್ಕೆ ಸಹಿ ಬಿದ್ದರೆ ಮುಂದೆ ದೂರು ಕೊಡುವಾಗ ಎದುರಿಗೆ ನಿಲ್ಲುವುದು ನಿಮ್ಮದೇ ಸಹಿ. 'ಎಲ್ಲರೂ ಹೀಗೇ ಮಾಡುವುದು ಮೇಡಂ, ಕ್ಯಾನ್ಸಲ್ ಆದ ಮೇಲೆ ಅಕೌಂಟ್ಸ್‌ನವರು ಹಾಕುತ್ತಾರೆ' ಎಂಬ ಮಾತು ಕೇಳಿ ಬಂದರೆ ಒಂದೇ ಉತ್ತರ: ಚೆಕ್ ಕೊಡಿ, ಇಲ್ಲವೇ ಟ್ರಾನ್ಸ್‌ಫರ್ ರಸೀದಿ ತೋರಿಸಿ. ಕರಾರು ಮುಗಿದ 14 ದಿನದೊಳಗೆ ಲೆಕ್ಕ ಚುಕ್ತಾ ಮಾಡಬೇಕೆಂದು ಕಾನೂನೇ ಹೇಳುತ್ತದೆ. ಹಣ ಬಂತೆಂಬ ರಸೀದಿ ಲಗತ್ತಿಸದೆ ಈ ಅರ್ಜಿ ಮುಂದಕ್ಕೆ ಹೋಗದಂತೆ ಮೊಹ್ರೆ ಮಾಡಬೇಕಿತ್ತು. ಅಷ್ಟು ಮಾಡದ್ದಕ್ಕೆ ಈ ಸೇವೆಗೆ ಪೂರ್ತಿ ಅಂಕ ಕೊಡಲು ಮನಸ್ಸು ಬರುವುದಿಲ್ಲ.

ಸೇವಾಂತ್ಯದ ಹಣ, ಅಂದರೆ ಗ್ರ್ಯಾಚುಟಿ, ಎಷ್ಟು ಬರಬೇಕು? ಒಂದು ವರ್ಷ ತುಂಬಿದವರಿಗೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಬೇಸಿಕ್ 3,000 ದಿರ್ಹಮ್ ಎಂದುಕೊಳ್ಳಿ: ದಿನಕ್ಕೆ 100, ವರ್ಷಕ್ಕೆ 2,100. ನಾಲ್ಕು ವರ್ಷಕ್ಕೆ 8,400. ಏಳು ವರ್ಷವಾಗಿದ್ದರೆ ಮೊದಲ ಐದಕ್ಕೆ 10,500, ಉಳಿದ ಎರಡಕ್ಕೆ 6,000, ಒಟ್ಟು 16,500. ಸಂಬಳವಿಲ್ಲದ ರಜೆಯ ದಿನಗಳನ್ನು ಸೇವೆಯಿಂದ ಕಳೆಯುತ್ತಾರೆ. ಒಟ್ಟು ಸಂಬಳ 5,000 ಇದ್ದೂ ಬೇಸಿಕ್ 2,000 ಮಾತ್ರ ತೋರಿಸಿದ್ದರೆ ಗ್ರ್ಯಾಚುಟಿ ಬಡವಾಗುತ್ತದೆ. ಕರಾರಿಗೆ ಸಹಿ ಹಾಕಿದ ದಿನವೇ ಆ ನಷ್ಟ ಆಗಿಹೋಗಿರುತ್ತದೆ. 'ನೀವೇ ಬಿಟ್ಟಿದ್ದರಿಂದ ಮೂರನೇ ಒಂದು ಪಾಲು ಮಾತ್ರ' ಎನ್ನುವ ಎಚ್‌ಆರ್‌ನವರು ಇನ್ನೂ ಸಿಗುತ್ತಾರೆ. ಅದು 1980ರ ಕಾನೂನಿನ ಮಾತು. ಈಗಿನ ಕಾನೂನಿನಲ್ಲಿ ರಾಜೀನಾಮೆ ಕೊಟ್ಟವರಿಗೆ ಆ ಕಡಿತವಿಲ್ಲ. 'ಎರಡು ವರ್ಷದೊಳಗೆ ಬಿಟ್ಟರೆ ವೀಸಾ ಖರ್ಚು ವಾಪಸು ಕಟ್ಟಬೇಕು' ಎಂಬ ಷರತ್ತೂ ಅಷ್ಟೇ: ನೇಮಕಾತಿ ಖರ್ಚನ್ನು ನೌಕರರ ಮೇಲೆ ಹೇರುವಂತಿಲ್ಲ. ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವುದೂ ಕಾನೂನುಬಾಹಿರ. ಅನುಭವ ಪ್ರಮಾಣಪತ್ರವನ್ನು ಕೇಳಿದರೆ ಪುಕ್ಕಟೆ ಕೊಡಲೇಬೇಕು. ಆದರೆ ನಿಮ್ಮ ಇಚ್ಛೆಯಿಂದ ಬಿಟ್ಟಾಗ ಊರಿನ ಟಿಕೆಟ್ ಮಾತ್ರ ನಿಮ್ಮ ಖರ್ಚೇ, ಶಾಲೆಯ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ.

ಲೆಕ್ಕ ತಪ್ಪಿದರೆ ಮೊಹ್ರೆಯ ದೂರು ವಿಭಾಗಕ್ಕೆ ಹೋಗಬಹುದು, ಸಹಾಯವಾಣಿ 80084. ಇದು ಈ ವ್ಯವಸ್ಥೆಯ ಒಳ್ಳೆಯ ಮುಖ. ಮೊದಲು ರಾಜಿಗೆ ಕರೆಯುತ್ತಾರೆ, ಅದಕ್ಕೆ 14 ದಿನದ ಗಡುವು. 2024ರ ಆರಂಭದಿಂದ 50,000 ದಿರ್ಹಮ್ ಮೀರದ ವ್ಯಾಜ್ಯವನ್ನು ಸಚಿವಾಲಯವೇ ತೀರ್ಮಾನಿಸಬಹುದು, ಶಿಕ್ಷಕರ ಬಾಕಿ ಬಹುಪಾಲು ಇದರೊಳಗೇ ಬರುತ್ತದೆ. ಅದೇ ವರ್ಷದ ತಿದ್ದುಪಡಿಯಿಂದ ಕೆಲಸ ಬಿಟ್ಟ ಎರಡು ವರ್ಷದವರೆಗೆ ಹಕ್ಕು ಕೇಳಬಹುದು, ಹಿಂದೆ ಈ ಅವಧಿ ಒಂದೇ ವರ್ಷವಿತ್ತು. ದೂರು ಕೊಟ್ಟರೆ ಬ್ಯಾನ್ ಬೀಳುತ್ತದೆ ಎಂದು ಸ್ಟಾಫ್‌ರೂಮಿನಲ್ಲಿ ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ.

ವರ್ಕ್ ಪರ್ಮಿಟ್ ರದ್ದಾದ ಮೇಲೆ ವೀಸಾ ಸರದಿ. ದುಬೈಯಲ್ಲಿ ಆಮೆರ್ ಕೇಂದ್ರ, ಬೇರೆ ಎಮಿರೇಟ್‌ಗಳಲ್ಲಿ ಐಸಿಪಿಗೆ ಅರ್ಜಿ ಹಾಕುವ ಟೈಪಿಂಗ್ ಸೆಂಟರ್. ವೀಸಾ ಫೈಲ್ ನಂಬರ್ 201ರಿಂದ ಶುರುವಾದರೆ ದುಬೈ, 101 ಅಬುಧಾಬಿ, 301 ಶಾರ್ಜಾ. ಯಾವ ವೆಬ್‌ಸೈಟ್‌ನಲ್ಲಿ ನಿಮ್ಮ ಸ್ಥಿತಿ ನೋಡಬೇಕು ಎಂಬುದೂ ಇದರಿಂದಲೇ ತಿಳಿಯುತ್ತದೆ: 201ಕ್ಕೆ ಜಿಡಿಆರ್‌ಎಫ್‌ಎ ದುಬೈ, ಉಳಿದವಕ್ಕೆ ಐಸಿಪಿ. ಈ ಗೊಂದಲದಲ್ಲೇ 'ದಾಖಲೆ ಸಿಗುತ್ತಿಲ್ಲ' ಎಂದು ಗಾಬರಿಯಾಗುವವರಿದ್ದಾರೆ. ನಿಮ್ಮ ವೀಸಾವನ್ನು ಪಿಆರ್‌ಒ ರದ್ದು ಮಾಡಿಸುತ್ತಾರೆ. ಆಮೆರ್‌ಗೆ ನೀವೇ ಹೋಗಬೇಕಾಗುವುದು ಮನೆಯವರ ವೀಸಾ ರದ್ದು ಮಾಡಲು. ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿ ಎರಡರ ಮೂಲ ಪ್ರತಿ ಒಯ್ಯಿರಿ. ಟೋಕನ್ ಪದ್ಧತಿ ಸುಗಮವಾಗಿದೆ, ಕಾಗದ ಸರಿಯಿದ್ದರೆ ತಕರಾರಿಲ್ಲ.

ರದ್ದಾದ ಕಾಗದದಲ್ಲಿ ಕಣ್ಣಿಟ್ಟು ನೋಡಬೇಕಾದುದು ದೇಶ ಬಿಡಬೇಕಾದ ಕೊನೆಯ ದಿನಾಂಕ. ಗ್ರೇಸ್ ಅವಧಿ ವೀಸಾ ವರ್ಗಕ್ಕೆ ತಕ್ಕಂತೆ 30 ದಿನದಿಂದ 180 ದಿನದವರೆಗೆ ಇದೆ. ಪಕ್ಕದ ಮನೆಯವರಿಗೆ 180 ಸಿಕ್ಕಿತೆಂದು ನೀವೂ ನಿಶ್ಚಿಂತೆಯಿಂದ ಕೂತರೆ ದಿನಕ್ಕೆ 50 ದಿರ್ಹಮ್ ದಂಡ ಓಡುತ್ತಿರುತ್ತದೆ. ಕಾಗದದ ದಿನಾಂಕವನ್ನು ವೆಬ್‌ಸೈಟ್‌ನ ಫೈಲ್ ವ್ಯಾಲಿಡಿಟಿ ಪುಟದ ಜೊತೆ ತಾಳೆ ನೋಡಿ, ಎರಡೂ ಕಡೆ ಒಂದೇ ಇದ್ದರೆ ಮಾತ್ರ ನಂಬಿ.

ಐಲೋ ವಿಮೆಯ ಬಗ್ಗೆ ಜನರಲ್ಲಿ ಅತಿ ನಿರೀಕ್ಷೆಯಿದೆ. 2023ರಿಂದ ಕಡ್ಡಾಯ, ಬೇಸಿಕ್ 16,000 ದಿರ್ಹಮ್‌ವರೆಗಿನವರು ತಿಂಗಳಿಗೆ 5 ದಿರ್ಹಮ್ ಕಟ್ಟುತ್ತಾರೆ. ಸತತ 12 ತಿಂಗಳು ಕಟ್ಟಿದವರಿಗೆ ಬೇಸಿಕ್‌ನ ಶೇ 60ರಷ್ಟು, ಹೆಚ್ಚೆಂದರೆ ಮೂರು ತಿಂಗಳು. 3,000 ಬೇಸಿಕ್‌ನವರಿಗೆ ತಿಂಗಳಿಗೆ 1,800. ಆದರೆ ರಾಜೀನಾಮೆ ಕೊಟ್ಟವರಿಗೆ ಇದು ಸಿಗುವುದೇ ಇಲ್ಲ. ಮುಂದಿನ ವರ್ಷಕ್ಕೆ ಬೇಡವೆಂದು ತೀರ್ಮಾನಿಸಿದ ಶಾಲೆ, 'ನೀವೇ ರಾಜೀನಾಮೆ ಬರೆದುಕೊಡಿ, ನಿಮ್ಮ ದಾಖಲೆಗೂ ಒಳ್ಳೆಯದು' ಎಂದು ಸಿಹಿಯಾಗಿ ಹೇಳಿದರೆ ಅದರ ಬೆಲೆ ಇದು: ವಿಮೆ ಹೋಯಿತು, ಊರಿನ ಟಿಕೆಟೂ ಹೋಯಿತು. ತೆಗೆದುಹಾಕುವುದಿದ್ದರೆ ಅವರೇ ಪತ್ರ ಕೊಡಲಿ. ಪತ್ರ ಸಿಕ್ಕವರು 30 ದಿನದೊಳಗೆ ಅರ್ಜಿ ಹಾಕಬೇಕು.

ಸರ್ಕಾರಿ ಸೇವೆಗಳ ಆಚೆ ಬ್ಯಾಂಕ್ ಇದೆ. ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಗ್ರ್ಯಾಚುಟಿ ಬಂದ ಕೂಡಲೇ ಖಾತೆಗೆ ಬೀಗ ಬೀಳಬಹುದು. ಕಂತು ನಿಂತು ಕೇಸಾದರೆ ಪ್ರಯಾಣ ನಿಷೇಧದವರೆಗೂ ಹೋಗುತ್ತದೆ. ಮೊದಲು ಬ್ಯಾಂಕಿಗೆ ಹೋಗಿ ಒಪ್ಪಂದ ಮಾಡಿಕೊಂಡು ಕ್ಲಿಯರೆನ್ಸ್ ಪತ್ರ ಪಡೆಯಿರಿ. ಮನೆ ಬಾಡಿಗೆಯ ಮುಂದಿನ ದಿನಾಂಕದ ಚೆಕ್‌ಗಳನ್ನು ಕೈಯಾರೆ ವಾಪಸು ತೆಗೆದುಕೊಳ್ಳಿ, ಇಜಾರಿ (ದುಬೈಯ ಬಾಡಿಗೆ ಕರಾರಿನ ನೋಂದಣಿ) ರದ್ದು ಮಾಡಿಸಿ. ದೇವಾ (ದುಬೈಯ ವಿದ್ಯುತ್, ನೀರು ಸಂಸ್ಥೆ) ಠೇವಣಿ, ಫ್ಲ್ಯಾಟಿಗೆ 2,000 ದಿರ್ಹಮ್, ಕೊನೆಯ ಬಿಲ್ ಕಳೆದು ಬರುತ್ತದೆ. ಮರೆತು ಬಿಟ್ಟು ಬರುವವರು ಬಹಳ. ಮುಂದೆ ಬೇರೆ ದೇಶದಲ್ಲಿ ಪಾಠ ಮಾಡುವ ಯೋಚನೆಯಿದ್ದರೆ ಪೊಲೀಸ್ ಸನ್ನಡತೆ ಪ್ರಮಾಣಪತ್ರ, ಅನುಭವ ಪತ್ರದ ದೃಢೀಕರಣ ಎರಡನ್ನೂ ಎಮಿರೇಟ್ಸ್ ಐಡಿ ಜೀವಂತ ಇರುವಾಗಲೇ ಮುಗಿಸಿ.

ಶಾಲೆ ಪಾಸ್‌ಪೋರ್ಟ್ ಕೊಡದೆ ಸತಾಯಿಸಿದರೆ ದುಬೈಯ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದೆ, ಶುಲ್ಕವಿಲ್ಲದ ನಂಬರ್ 80046342. ದಾರಿ ತೋರಿಸುವ ಮಟ್ಟಿಗೆ ಉಪಯುಕ್ತ. ಹಣ ವಸೂಲಿ ಅವರ ಕೈಯಲ್ಲಿಲ್ಲ, ಅದಕ್ಕೆ ಮೊಹ್ರೆಯೇ ಆಗಬೇಕು.

ಒಂದು ಚಿಕ್ಕ ವಿಷಯ ಮರೆಯಬೇಡಿ. ಯುಎಇ ಪಾಸ್, ಬ್ಯಾಂಕ್, ಮೊಹ್ರೆ ಎಲ್ಲದರ ಒಟಿಪಿ ಬರುವುದು ಸ್ಥಳೀಯ ಸಿಮ್‌ಗೆ. ವಿಮಾನ ಹತ್ತುವ ಮುಂಚೆ ಪೋಸ್ಟ್‌ಪೇಯ್ಡ್ ಬಾಕಿ ತೀರಿಸಿ, ನಂಬರನ್ನು ಪ್ರೀಪೇಯ್ಡ್‌ಗೆ ಬದಲಿಸಿ, ರೋಮಿಂಗ್ ಹಾಕಿಸಿಕೊಂಡು ಊರಿಗೆ ತನ್ನಿ. ಕೊನೆಯ ದಿರ್ಹಮ್ ಬರುವವರೆಗೆ ಆ ಸಿಮ್ ಬದುಕಿರಲಿ.